ಭೈರವಿಯವರೆಗೆ ನಾಲ್ವರು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಾನು ಹೇಳಹೊರಟಿರುವುದೆಲ್ಲ ಹುಟ್ಟಿದ್ದೇ ಒಂದು ಸಿಟ್ಟಿನಿಂದ. ಆ ಸಿಟ್ಟಿಗೆ ಈಗಲೂ ನನ್ನ ಮನಸ್ಸಿನಲ್ಲಿ ದೊಡ್ಡ ಗೌರವವಿದೆ.

ನಾವು ನಾಗಪುರಕ್ಕೆ ಬಂದ ಮೂರನೆಯ ಚಳಿಗಾಲ. ನನ್ನ ಗಂಡ ವಾಯುಪಡೆಯವರು, ವಿಮಾನದ ಎಂಜಿನ್ ಬಿಚ್ಚಿ ಜೋಡಿಸುವ ಕೆಲಸ. ಊರು ಗದಗಿನ ಕಡೆ. ನಾನು ಧಾರವಾಡದವಳು. ಮಗಳಿಗೆ ಆಗ ಆರು ವರ್ಷ, ಮಗನಿಗೆ ಮೂರು. ಊರ ನಡುವಿನ ದೊಡ್ಡ ಮೈದಾನದಲ್ಲಿ ಮೂರು ದಿನದ ಸಂಗೀತೋತ್ಸವ, ಆಕಾಶವೇ ಚಪ್ಪರ, ಎಲ್ಲರಿಗೂ ಪ್ರವೇಶ. ನಾಲ್ವರೂ ಸ್ವೆಟರ್ ಹಾಕಿಕೊಂಡು ಹೋದೆವು. ಸಂಜೆ ಆರಕ್ಕೆಲ್ಲ ಜಮಖಾನದ ಮೇಲೆ ಒಳ್ಳೆಯ ಜಾಗ ಸಿಕ್ಕಿತು. ಗಾಯಕರು ಕಣ್ಣು ಮುಚ್ಚಿ ಷಡ್ಜ ಹಿಡಿದರು. ನಾನೂ ಕಣ್ಣು ಮುಚ್ಚಿದೆ.

ಕಣ್ಣು ಮುಚ್ಚಿದ್ದೇ ತಪ್ಪಾಯಿತು. ತೆರೆದಾಗ ಮಗಳು ಮುಂದಿನ ಸಾಲಿನಲ್ಲಿ ಕೂತಿದ್ದ ಬೋಳು ತಲೆಗಳನ್ನು ಹಿಂದಿಯಲ್ಲಿ ಗಟ್ಟಿಯಾಗಿ ಎಣಿಸುತ್ತಿದ್ದಳು. "ಅವ್ವಾ, ಸಾತ್ ಟಕಲೂ! ಒಂದಕ್ಕ ಟೋಪಿ ಐತಿ, ಅದನ್ನೂ ಎಣಸ್ಲೇನು?" ಅವಳ ಬಾಯಿಗೆ ಕೈ ಅಡ್ಡ ಹಿಡಿಯುವಷ್ಟರಲ್ಲಿ ಮಗ ಇರಲಿಲ್ಲ. ಮಧ್ಯದ ದಾರಿಯಲ್ಲಿ ಓಡಿಹೋಗಿ, ವೇದಿಕೆ ಹತ್ತಿ, ತಂಬೂರಿ ನುಡಿಸುತ್ತಿದ್ದ ಹುಡುಗಿಯ ಶಾಲು ಹಿಡಿದು ಜಗ್ಗುತ್ತಿದ್ದ. ಪಾಪ, ಆ ಹುಡುಗಿ ಒಂದು ಕೈಯಲ್ಲಿ ತಂತಿ ಮೀಟುತ್ತ ಇನ್ನೊಂದು ಕೈಯಲ್ಲಿ ಶಾಲು ಹಿಡಿದುಕೊಂಡಿದ್ದಳು. ನನ್ನ ಗಂಡ ಬಗ್ಗಿ ಓಡಿ ಅವನನ್ನು ಕಂಕುಳಲ್ಲಿ ಇರುಕಿಕೊಂಡು ಬಂದರು.

ಆಗ ಪಕ್ಕದಲ್ಲಿದ್ದ ರೇಷ್ಮೆ ಜಾಕೀಟಿನ ಹಿರಿಯರೊಬ್ಬರು ನನ್ನ ಕಡೆ ಬಾಗಿ, "ತಾಈ, ಲಹಾನ್ ಮುಲಾಂನಾ ಘರೀ ಠೇವೂನ್ ಯಾಯ್ಚಂ ಅಸ್ತಂ. ಹೇ ಗಾಣಂ ಆಹೇ, ಜತ್ರಾ ನಾಹೀ," ಎಂದರು. ಸಣ್ಣ ಮಕ್ಕಳನ್ನು ಮನೆಯಲ್ಲಿಟ್ಟು ಬರಬೇಕಂತೆ, ಇದು ಸಂಗೀತವಂತೆ, ಜಾತ್ರೆಯಲ್ಲವಂತೆ. ಮಾತು ಮೃದುವಾಗಿಯೇ ಇತ್ತು. ಅದಕ್ಕೇ ನನಗೆ ಮೈಯೆಲ್ಲ ಉರಿಯಿತು. ಮರಾಠಿ ನೆನಪಾಗಲಿಲ್ಲ, ಅಚ್ಚ ಧಾರವಾಡದಲ್ಲಿ ಕೇಳಿಯೇಬಿಟ್ಟೆ: "ಯಜಮಾನ್ರ, ನೀವು ಹುಟ್ಟಿದ ದಿನಾನ ಜಾಕೀಟು ತೊಟ್ಟು ಕಚೇರಿಗೆ ಕೂತಿದ್ರೇನು?" ಅವರಿಗೆ ಒಂದಕ್ಷರ ಅರ್ಥವಾಗಲಿಲ್ಲ, ಆದರೆ ಧಾಟಿ ಅರ್ಥವಾಗಿರಬೇಕು, ಅವರ ಮುಖ ಕೆಂಪಾಯಿತು. ನನ್ನ ಗಂಡನಿಗೆ ಎರಡೂ ಅರ್ಥವಾಗಿ ಅವರ ಮುಖ ಇನ್ನೂ ಕೆಂಪಾಯಿತು. ರಾಗ ಇನ್ನೂ ಬಿಚ್ಚಿಕೊಳ್ಳುತ್ತಿರುವಾಗಲೇ ನಾವು ಚಪ್ಪಲಿ ಹುಡುಕಿಕೊಂಡು ಹೊರಗೆ ಬಂದೆವು.

ಕಾರಿನ ಬಾಗಿಲು ತೆರೆದು ನಿಂತಾಗಲೂ ದೂರದಿಂದ ಹಾಡು ಕೇಳುತ್ತಿತ್ತು. ನಾನು ಅತ್ತುಬಿಟ್ಟೆ. ಮದುವೆಗೆ ಮುಂಚೆ ಒಂಬತ್ತು ವರ್ಷ ಹಾಡು ಕಲಿತವಳು ನಾನು. ವರ್ಗ, ಕ್ವಾರ್ಟರ್ಸು, ಬಸಿರು, ಬಾಣಂತನದ ನಡುವೆ ಹಾಡುವುದು ನಿಂತೇಹೋಗಿತ್ತು. ತಂಬೂರಿ ತವರಿನಲ್ಲಿ ಗವಸು ಹಾಕಿಕೊಂಡು ಕೂತಿತ್ತು. ಹೋಗಲಿ, ಕೇಳುವುದಾದರೂ ಉಳಿಯಲಿ ಎಂದುಕೊಂಡಿದ್ದೆ. ಆದರೆ ಮಗಳು ಹುಟ್ಟಿದ ಮೇಲೆ ಒಂದೇ ಒಂದು ಕಚೇರಿಯನ್ನೂ ಕೊನೆಯವರೆಗೆ ಕೇಳಿರಲಿಲ್ಲ. ಹಿಂದೂಸ್ತಾನಿ ಕಚೇರಿ ಯಾವ ಹೊತ್ತಿನದೇ ಇರಲಿ, ಕಡೆಯಲ್ಲಿ ಹಾಡುವುದು ಭೈರವಿ. ಅದರ ಮೇಲೆ ಮತ್ತೇನನ್ನೂ ಹಾಡುವುದಿಲ್ಲ. ಆರು ವರ್ಷದಿಂದ ನಾನು ಭೈರವಿಗೆ ಮುಂಚೆಯೇ ಎದ್ದು ಬರುತ್ತಿದ್ದೆ.

"ಕೇಳ್ರಿ," ಎಂದೆ ಮೂಗು ಒರೆಸಿಕೊಳ್ಳುತ್ತ. "ಈ ಊರು ಬಿಡೂದ್ರೊಳಗ ಒಂದು ಕಚೇರಿ ಭೈರವಿ ಮುಗಿಯೂತನಕ ಕೂತು ಕೇಳೂದು. ನಾಲ್ಕೂ ಮಂದಿ. ಒಬ್ಬರೂ ಏಳಂಗಿಲ್ಲ."

"ನಾನೂನ?" ಎಂದರು ಅವರು ಗಾಬರಿಯಿಂದ. ಅವರಿಗೆ ಎಂಜಿನ್ನಿನ ಸದ್ದಿನಲ್ಲಿ ಯಾವ ಬೋಲ್ಟು ಸಡಿಲ ಎಂದು ಹೇಳಲು ಬರುತ್ತದೆ. ನಮ್ಮ ಆಲಾಪ ಮಾತ್ರ ಎಲ್ಲ ಒಂದೇ ಥರದ "ಆಆಆ".

"ನೀವೂ!" ಎಂದೆ.

ಇದಕ್ಕೆ ಯಾಕೆ ಇಷ್ಟು ಹಟ ಎಂದು ಎಲ್ಲರೂ ಕೇಳಿದರು. ಎದುರು ಕ್ವಾರ್ಟರ್ಸಿನ ಗೆಳತಿ, ಮಕ್ಕಳನ್ನು ತನ್ನ ಮನೆಯಲ್ಲಿ ಬಿಟ್ಟು ಆರಾಮ್ ಹೋಗಿ ಬಾ ಎಂದಳು. ಅವ್ವ ಫೋನಿನಲ್ಲಿ, "ಮಕ್ಕಳು ದೊಡ್ಡವು ಆಗ್ಲಿ ತಡಿ. ಸಂಗೀತ ಏನು ಓಡಿ ಹೋಗತೈತೇನು?" ಎಂದಳು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನಬೇ?" ಎಂದು ನಾನು ತಿರುಗಿಸಿ ಕೊಟ್ಟೆ. ನಾನು ನಡೆಯಲು ಕಲಿಯುವ ಮೊದಲೇ ಇದೇ ಅವ್ವ ನನ್ನನ್ನು ಕಚೇರಿಯ ಜಮಖಾನದ ಮೇಲೆ ಮಲಗಿಸಿದ್ದಳು. ಅದನ್ನು ನೆನಪಿಸಿದಾಗ, "ನೀ ಏನೂ ಗದ್ದಲ ಮಾಡತಿದ್ದಿಲ್ಲ," ಎಂದಳು. ಸುಳ್ಳು. ನಾನು ಗದ್ದಲ ಮಾಡಿದ್ದನ್ನು ನೋಡಿದವರು ಧಾರವಾಡದಲ್ಲಿ ಇನ್ನೂ ಇದ್ದಾರೆ. ನಿಜ ಹೇಳಬೇಕೆಂದರೆ, ಮಕ್ಕಳನ್ನು ಬಿಟ್ಟು ಹೋಗಿ ಕೇಳಿಬಂದರೆ ಆ ಜಾಕೀಟಿನವರ ಮಾತು ನಿಜವಾಗುತ್ತಿತ್ತು. ಅದು ನನಗೆ ಬೇಡವಾಗಿತ್ತು. ನನ್ನ ಮಕ್ಕಳು ಇಲ್ಲದ ಕಡೆ ನನ್ನ ಸುಖ ಇರುವುದೂ ಬೇಡವಾಗಿತ್ತು.

ಹಟವೇನೋ ಹಿಡಿದೆ, ಮುಂದಿನ ಎರಡು ಸಲವೂ ಸೋತೆ. ಕೆರೆಯ ದಂಡೆಯಲ್ಲಿ ನಡೆದ ಒಂದು ಉತ್ಸವದಲ್ಲಿ ಗಿಟಾರು, ಡ್ರಮ್ಮು, ಸಾರಂಗಿ ಎಲ್ಲ ಒಟ್ಟಿಗೆ. ಸ್ಪೀಕರುಗಳು ಮನೆಯ ಬೀರುವಿನಷ್ಟು ಎತ್ತರ. ಮೊದಲ ಪೆಟ್ಟಿಗೇ ಮಗ ಕಿವಿ ಮುಚ್ಚಿಕೊಂಡು ಚೀರಿದ. ಅಪ್ಪ ಮಗ ಇಬ್ಬರೂ ಕಾರಿನಲ್ಲಿ ಕಿಟಕಿ ಏರಿಸಿಕೊಂಡು ಕೂತರು. ಇನ್ನೊಂದು ಸಲ ಕಾಮಠಿಯ ದಂಡಿನ ಮೈದಾನದಲ್ಲಿ ಗಜಲ್. ಮೆಲುದನಿಯ ಹಾಡು, ಇದು ಬರೋಬರ್ ಆಗುತ್ತದೆ ಅಂದುಕೊಂಡೆ. ಮಗಳು ಯಾರ್ಯಾರಿಂದಲೋ ಕೊಡಿಸಿಕೊಂಡು ಮೂರು ಬರ್ಫಿನ ಗೋಲಾ ತಿಂದಿದ್ದಳು. ಎರಡನೆಯ ಗಜಲಿನ ಕೊನೆಯ ಸಾಲಿಗೆ ಎಲ್ಲರೂ "ವಾಹ್" ಎಂದರು, ಅವಳು "ವ್ಯಾಕ್" ಎಂದಳು.

ಮರುದಿನ ನನ್ನ ಗಂಡ ಒಂದು ನೋಟುಬುಕ್ಕು ಹಿಡಿದುಕೊಂಡು ಅಡುಗೆಮನೆಗೆ ಬಂದರು. "ಫಾಲ್ಟ್ ಎಲ್ಲೈತಿ ಅಂತ ಮೊದಲು ಹುಡುಕಬೇಕು," ಎಂದರು. "ಎಂಜಿನ್ ಕೆಟ್ಟಿತು ಅಂತ ನಾವು ಅಳಕೋತ ಕೂಡಂಗಿಲ್ಲ."

"ನಿಮ್ಮ ಮಕ್ಕಳು ಎಂಜಿನ್ನಲ್ಲ."

"ಎಂಜಿನ್ನಿಗಿಂತ ಜಾಸ್ತಿ ಸದ್ದು ಮಾಡ್ತಾವ," ಎಂದರು.

ಅವರು ಹಿಂದಿನ ಮೂರೂ ಸಲದ ಲೆಕ್ಕ ಹಾಕಿದ್ದರು. ಆ ದೊಡ್ಡ ಸ್ಪೀಕರಿನ ಸಂಜೆ ಬಿಟ್ಟರೆ, ಸಣ್ಣವನು ಹನ್ನೊಂದನೆಯ ನಿಮಿಷಕ್ಕೆ ಎದ್ದುಬಿಡುತ್ತಾನೆ, ದೊಡ್ಡವಳು ಇಪ್ಪತ್ತಕ್ಕೆ. ಇಬ್ಬರಿಗೂ ಇದು ಯಾವಾಗ ಮುಗಿಯುತ್ತದೆ ಎಂದು ಗೊತ್ತಿಲ್ಲ, ಅದೇ ದೊಡ್ಡ ತೊಂದರೆ. "ಗೊತ್ತಿಲ್ಲದ ಡ್ಯೂಟಿ ನಾನೂ ಮಾಡಂಗಿಲ್ಲ," ಎಂದರು. ನನಗೆ ನಗುವೂ ಬಂತು, ಆಸೆಯೂ ಬಂತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದಂತೆ, ಯಾವ ಕಚೇರಿಯೂ ಎದುರಿಗಿಲ್ಲದಿರುವಾಗಲೇ ನಮ್ಮ ಮನೆಯಲ್ಲಿ ಕಚೇರಿಯ ಡ್ರಿಲ್ ಶುರುವಾಯಿತು.

ಭಾನುವಾರ ಬೆಳಗ್ಗೆ ಆರಕ್ಕೆ, ನಾಗಪುರದ ಬಿಸಿಲು ಏಳುವ ಮುಂಚೆ, ಕ್ವಾರ್ಟರ್ಸಿನ ತಾರಸಿಯ ಮೇಲೆ ಸದರ್ ಬಜಾರಿನಿಂದ ತಂದ ದೊಡ್ಡ ಚಾಪೆ. ಫೋನಿಗೆ ಸಣ್ಣ ಸ್ಪೀಕರು. ಮೊದಲ ವಾರ ಹತ್ತು ನಿಮಿಷ, ಆಮೇಲೆ ಹದಿನೈದು, ಆಮೇಲೆ ಇಪ್ಪತ್ತು. ಚಿತ್ರ ಬರೆಯಬಹುದು, ಮಲಗಬಹುದು, ಪಿಸುಮಾತಾಡಬಹುದು. ಒಂದಕ್ಕೆ ಬಂದರೆ ಒಂದು ಬೆರಳು ಎತ್ತಬೇಕು. ಚಾಪೆ ಬಿಟ್ಟು ಕಾಲು ಹೊರಗೆ ಇಡುವಂತಿಲ್ಲ. "ಮುಗೀತೇನು?" ಎಂದು ಕೇಳುವಂತಿಲ್ಲ, ಯಾಕೆಂದರೆ ಮುಗಿಯುವಾಗ ಅದೇ ಹೇಳುತ್ತದೆ. ಹೇಗೆ? ಪ್ರತಿ ಸಲ ಕೊನೆಗೆ ನಾನು ಭೈರವಿ ಹಾಕುತ್ತಿದ್ದೆ, ಒಂದು ಸಲ ಶಹನಾಯಿ, ಒಂದು ಸಲ ಸರೋದ್, ಒಂದು ಸಲ ಯಾರದಾದರೂ ಠುಮ್ರಿ. ಭೈರವಿ ಶುರುವಾದ ಕೂಡಲೇ ನನ್ನ ಗಂಡ "ಪ್ಯಾಕ್ ಅಪ್!" ಎನ್ನುತ್ತಿದ್ದರು. ಮಕ್ಕಳು ಟಣ್ಣನೆ ಎದ್ದು, ಚಾಪೆಯ ನಾಲ್ಕು ಮೂಲೆ ಹಿಡಿದು, ಶಿಬಿರದಲ್ಲಿ ಡೇರೆ ಮಡಚುವ ಹಾಗೆ ಮಡಚಬೇಕು. ಮಡಚಿದವರಿಗೆ ಒಂದೊಂದು ಶೇಂಗಾ ಉಂಡಿ.

"ಭೈರವಿ ಅಂದ್ರ ಚಾಪಿ ಮಡಚೂದಲ್ರಿ," ಎಂದು ನಾನು ಒಮ್ಮೆ ಗೊಣಗಿದೆ.

"ಒಂದು ಸಿಗ್ನಲ್ ಬೇಕಲ್ಲ, ಇರ್ಲಿ ಬಿಡು," ಎಂದರು. ಬಿಟ್ಟೆ.

ಬೇಸಿಗೆ ಕಳೆಯಿತು, ಮಳೆ ಬಂದಾಗ ಚಾಪೆ ವರಾಂಡಕ್ಕೆ ಬಂತು. ಮಕ್ಕಳು ಗೊಣಗಿದರು, ಜಗಳಾಡಿದರು, "ಅವ್ವಾ, ಬೋರ್ ಹೋ ರಹಾ ಹೈ," ಎಂದರು, ಆದರೂ ಕೂತರು. ದಸರೆಯ ಹೊತ್ತಿಗೆ ನಡುವೆ ಒಂದು ಬಿಡುವು ಕೊಟ್ಟರೆ ಎರಡು ಗಂಟೆ ಕೂರುತ್ತಿದ್ದರು. ಅದೇ ವಾರ ನನ್ನ ಗಂಡನಿಗೆ ವರ್ಗದ ಆದೇಶ ಬಂತು. ಹೊಸ ವರ್ಷಕ್ಕೆ ಅಸ್ಸಾಮಿನ ಮೂಲೆಯ ಒಂದು ನೆಲೆಗೆ ಹೋಗಬೇಕು. ಅಲ್ಲಿಂದ ಹತ್ತಿರದ ಪೇಟೆಗೇ ಎರಡು ತಾಸಿನ ದಾರಿ ಎಂದು ಅಲ್ಲಿದ್ದು ಬಂದವರು ಹೇಳಿದರು. ಕಚೇರಿಯ ಮಾತು ಕೇಳಿದ್ದಕ್ಕೆ ಅವರು ನನ್ನನ್ನು ನೋಡಿ ನಕ್ಕರು. ನಾಗಪುರದ ಚಳಿಗಾಲದ ಉತ್ಸವ ಶುರುವಾಗುವ ಹೊತ್ತಿಗೆ ನಮ್ಮ ಸಾಮಾನು ಲಾರಿ ಏರಿರುತ್ತದೆ. ಉಳಿದದ್ದು ಒಂದೇ, ದಿವಾಳಿ ಪಹಾಟ್, ದೀಪಾವಳಿಯ ನಸುಕಿನ ಕಚೇರಿ.

ಮರಾಠಿಗರ ಈ ಪದ್ಧತಿಯನ್ನು ನಾನು ಅವರಿಂದ ಕದ್ದುಕೊಂಡು ಹೋಗಬೇಕೆಂದಿದ್ದೇನೆ. ನರಕ ಚತುರ್ದಶಿಯ ದಿನ ನಸುಕಿಗೇ ಎಣ್ಣೆ ಹಚ್ಚಿಕೊಂಡು ಅಭ್ಯಂಜನ ಮಾಡಿ, ಹೊಸ ಬಟ್ಟೆ ತೊಟ್ಟು, ಊರಿಗೆ ಊರೇ ತೋಟಗಳಿಗೆ ಹೊರಡುತ್ತದೆ. ಅಲ್ಲಿ ಮರದ ಕೆಳಗೆ ದೀಪ ಹಚ್ಚಿ, ಬೆಳಕು ಹರಿಯುತ್ತಿರುವಾಗ ಹಾಡು. ಎಣ್ಣೆ ಸ್ನಾನ ನಮ್ಮ ಕಡೆಯೂ ಇದೆ, ಆದರೆ ಸ್ನಾನ ಮಾಡಿ ನಾವು ಮಾಡುವುದು ಮತ್ತೆ ನಿದ್ದೆ.

ಆ ಬೆಳಗ್ಗೆ ನಮ್ಮ ಮನೆಯಲ್ಲಿ ನಾಲ್ಕಕ್ಕೆ ಅಲಾರಾಂ. ನನ್ನ ಗಂಡ ನಾಲ್ಕು ಸ್ನಾನಗಳ ಪಟ್ಟಿ ಮಾಡಿ ಬಚ್ಚಲ ಬಾಗಿಲಿಗೆ ಅಂಟಿಸಿದ್ದರು. ಮಗ ಅರ್ಧ ನಿದ್ದೆಯಲ್ಲೇ ಎಣ್ಣೆ ಹಚ್ಚಿಸಿಕೊಂಡು, ಮೀನಿನ ಹಾಗೆ ಎರಡು ಸಲ ನನ್ನ ಕೈಯಿಂದ ಜಾರಿದ. ಮಗಳಿಗೆ ಸೀಗೆಕಾಯಿ ಕಣ್ಣಿಗೆ ಹೋಗಿ, "ನಾ ಎಲ್ಲೂ ಬರಂಗಿಲ್ಲ, ಅಸ್ಸಾಮಿಗೂ ಬರಂಗಿಲ್ಲ," ಎಂದು ಕಿರುಚಿದಳು. "ನೀ ಬರಲಿಲ್ಲಂದ್ರ ಯಾರೂ ಹೋಗಂಗಿಲ್ಲ. ನಾಲ್ಕೂ ಮಂದಿ ಇಲ್ಲಾ ಒಬ್ಬರೂ ಇಲ್ಲ," ಎಂದೆ. ಅವಳು ಕಣ್ಣು ಉಜ್ಜಿಕೊಳ್ಳುತ್ತ ಲಂಗ ಹಾಕಿಕೊಂಡಳು. ಐದೂ ಕಾಲಿಗೆ ಕಾರು ಹೊರಟಿತು.

ತೋಟ ಆಗಲೇ ತುಂಬಿತ್ತು. ಹುಲ್ಲೆಲ್ಲ ಇಬ್ಬನಿ, ಗಾಳಿಯೆಲ್ಲ ಅಭ್ಯಂಜನಕ್ಕೆ ಮೈಗೆ ಹಚ್ಚುವ ಉಟಣೆ ಪುಡಿಯ ಪರಿಮಳ, ಎಲ್ಲಿ ನೋಡಿದರೂ ಒದ್ದೆ ಕೂದಲು. ಮಕ್ಕಳು ಬೇಕಾದಷ್ಟು ಬಂದಿದ್ದರು, ಆದರೆ ಎಲ್ಲ ಹಿಂದೆ, ಗೇಟಿನ ಹತ್ತಿರ, ಎದ್ದು ಹೋಗಲು ಅನುಕೂಲವಾಗುವ ಹಾಗೆ. ನಾನು ಎದೆ ಸೆಟೆದು ನಡುವಿಗೇ ನಡೆದು ಚಾಪೆ ಹಾಸಿದೆ. ದಪ್ಪ ಕನ್ನಡಕದ ಒಬ್ಬ ಅಜ್ಜಿ ಬಂದು, "ಇಥೇ ಬಸೂ ಕಾ?" ಎಂದರು. ಕೂರಿ ಕೂರಿ ಎಂದೆ. ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ, ತಾನೊಬ್ಬಳೇ ಆಟೋದಲ್ಲಿ ಬಂದೆ ಎಂದು ಹೇಳಿ, ನಮ್ಮ ಚಾಪೆಯ ಒಂದು ಮೂಲೆಯಲ್ಲಿ ಕಾಲು ಚಾಚಿ ಕೂತರು. ಮಕ್ಕಳ ಕಡೆ ಬೆರಳು ತೋರಿಸಿ, "ಹೇ ಬಸ್ತೀಲ್?" ಎಂದರು. ಇವು ಕೂರುತ್ತವೆಯೇ? "ಬಸ್ತೀಲ್," ಎಂದೆ, ಹಲ್ಲು ಕಚ್ಚಿಕೊಂಡು.

ಗಾಯಕಿ ನಡುವಯಸ್ಸಿನವರು, ಕೇಸರಿ ಸೀರೆ, ಮೂಗಿನಲ್ಲಿ ದೊಡ್ಡ ನತ್ತು. ಲಲತ್ ರಾಗದಿಂದ ಶುರು ಮಾಡಿದರು. ಕತ್ತಲು ಇನ್ನೂ ಇತ್ತು. ನಾನು ಕಣ್ಣು ಮುಚ್ಚಲಿಲ್ಲ, ಮಗನನ್ನೇ ನೋಡುತ್ತಿದ್ದೆ. ನನ್ನ ಗಂಡ ವಾಚು ನೋಡುತ್ತಿದ್ದರು. ಹನ್ನೊಂದು ನಿಮಿಷಕ್ಕೆ ಅವರು ನನ್ನ ಮೊಣಕೈ ಮುಟ್ಟಿದರು. ಮಗ ತನ್ನ ಹೊಸ ಅಂಗಿಯ ಗುಂಡಿ ಚೀಪುತ್ತ ಕೂತೇ ಇದ್ದ. ಇಪ್ಪತ್ತು ನಿಮಿಷ. ಮಗಳು ಗಾಯಕಿಯ ನತ್ತಿನ ಚಿತ್ರ ಬರೆಯುತ್ತಿದ್ದಳು, ಅದು ಕಾಗದದ ಮೇಲೆ ಮುಖಕ್ಕಿಂತ ದೊಡ್ಡದಾಗಿತ್ತು. ನಲವತ್ತಕ್ಕೆ ಮಗ ಅಪ್ಪನ ಹೆಗಲ ಮೇಲೆ ಮಲಗಿದ. ಬೇಲಿಯಾಚೆ ಯಾರೋ ಪಟಾಕಿ ಸರ ಹಚ್ಚಿದರು, ಧಡ್ ಧಡ್ ಸದ್ದಿಗೆ ಮಗ ಎದ್ದು ಕೂತ. ಇನ್ನು ಅಳುತ್ತಾನೆ ಎಂದುಕೊಂಡೆ. ಅವನು ಸುತ್ತ ನೋಡಿ, ಒಂದು ಬೆರಳು ಎತ್ತಿದ. ಅಪ್ಪ ಮಗ ಹೋಗಿ ಬಂದರು. ಡ್ರಿಲ್ಲಿನಲ್ಲಿ ಇದಕ್ಕೆ ಅವಕಾಶವಿತ್ತು, ಆದ್ದರಿಂದ ನಾನು ಇದನ್ನು ಎದ್ದುಹೋದದ್ದು ಎಂದು ಹಿಡಿಯಲಿಲ್ಲ.

ಬೆಳಕಾಯಿತು. ಗಿಳಿಗಳು ಎದ್ದು ಗದ್ದಲ ಹಾಕಿದವು. ಒಂದು ಅಭಂಗ, ಒಂದು ನಾಟ್ಯಗೀತೆ, ಮತ್ತೊಂದು ಅಭಂಗ. ಮಗಳು ಒಮ್ಮೆ, "ಬೋರ್..." ಎಂದು ಶುರು ಮಾಡಿ, ನನ್ನ ಕಣ್ಣು ನೋಡಿ, "ಬೋರಾಗಿಲ್ಲ," ಎಂದು ತಿದ್ದಿಕೊಂಡಳು. ಎಂಟು ಗಂಟೆಗೆ ಎಳೆ ಬಿಸಿಲು ಬೇವಿನ ಎಲೆಗಳ ನಡುವಿನಿಂದ ನಮ್ಮ ಚಾಪೆಯ ಮೇಲೆ ಬಿತ್ತು. ಗಾಯಕಿ ನೀರು ಕುಡಿದರು, ಬಾಯಿ ಒರೆಸಿಕೊಂಡರು, ಏನೂ ಹೇಳದೆ ಸುಮ್ಮನೆ ಹೂಂಗುಟ್ಟುವ ಹಾಗೆ ಎರಡು ಸ್ವರ ಹಿಡಿದರು. ಷಡ್ಜ, ಅದಕ್ಕಂಟಿಕೊಂಡು ಕೋಮಲ ರಿಷಭ. ನನ್ನ ಮೈಮೇಲೆ ಮುಳ್ಳೆದ್ದಿತು. ಬಂತು, ಏಳು ವರ್ಷಕ್ಕೆ ಬಂತು ಎಂದುಕೊಂಡೆ.

"ಭೈರವೀ!" ಎಂದು ಮಗ ಚೀರಿದ. "ಪ್ಯಾಕ್ ಅಪ್!"

ಟಣ್ಣನೆ ಎದ್ದ. ಅಕ್ಕನೂ ಎದ್ದಳು. ಎಂಟು ತಿಂಗಳ ಶಿಸ್ತು ನೋಡಿ, ಯಾರೂ ಹೇಳಬೇಕಾಗಿರಲಿಲ್ಲ. ಅವನು ಒಂದು ಮೂಲೆ ಹಿಡಿದ, ಅವಳು ಎದುರಿನ ಮೂಲೆ ಹಿಡಿದಳು, ಇಬ್ಬರೂ ಒಂದೇ ಸಲಕ್ಕೆ ಎತ್ತಿ ಜಗ್ಗಿದರು. ಅವನು ಹಿಡಿದ ಮೂಲೆಯ ಮೇಲೆ ಅಜ್ಜಿ ಇದ್ದರು. "ಅಗಂ ಬಾಈ!" ಎಂದು ಅಜ್ಜಿ ಪಕ್ಕಕ್ಕೆ ಉರುಳಿ ನನ್ನ ಗಂಡನ ತೊಡೆಯ ಮೇಲೆ ಬಿದ್ದರು. ನೀರಿನ ಬಾಟಲಿ ಉರುಳಿತು, ಬಣ್ಣದ ಪೆನ್ಸಿಲುಗಳು ಹುಲ್ಲಿನ ತುಂಬ ಚೆಲ್ಲಿದವು. ಮುಂದಿನ ಐದು ಸಾಲು ತಿರುಗಿ ನೋಡಿತು.

ಇದನ್ನು ಕಲಿಸಿದವರು ನಾವೇ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರೆ ಇದೇ. ಭೈರವಿಯ ತನಕ ಕೂರಲಿ ಎಂದು ಎಂಟು ತಿಂಗಳು ತಿದ್ದಿದೆವು, ಭೈರವಿಯಲ್ಲಿ ಕೂರಿಸುವುದನ್ನು ಒಮ್ಮೆಯೂ ಕಲಿಸಲಿಲ್ಲ.

ನನ್ನ ಗಂಡ ಅಜ್ಜಿಯನ್ನು ಎತ್ತಿ ಕೂರಿಸಿ ನನ್ನ ಮುಖ ನೋಡಿದರು. ಆ ಮುಖದಲ್ಲಿ ಏನು ಕಂಡಿತೋ, ಮೆಲ್ಲಗೆ, "ತಪ್ಪು ನಂದು. ಇಬ್ಬರನ್ನೂ ಹೊರಗ ಕರಕೊಂಡು ಹೋಗ್ತೀನಿ. ನೀ ಕೂತು ಕೇಳು," ಎಂದರು. ಒಳ್ಳೆಯ ಮನುಷ್ಯ. ಆದರೆ ಇಬ್ಬರೂ ಮಕ್ಕಳನ್ನು ಕಂಕುಳಲ್ಲಿ ಇರುಕಿಕೊಂಡು ಅವರು ಎದ್ದು ನಿಂತದ್ದನ್ನು ನೋಡಿದ್ದೇ ತಡ, ನನ್ನ ಸಿಟ್ಟು ಕಟ್ಟೆ ಒಡೆಯಿತು.

"ಯಾರೂ ಏಳಂಗಿಲ್ಲ!" ಎಂದು ಕೂಗಿದೆ. "ಕೂಡ್ರಿ ಎಲ್ಲಾರೂ! ಚಲೋ, ಬೈಠೋ!"

ಧ್ವನಿ ಇಷ್ಟು ದೊಡ್ಡದಾಗಿ ಬರುತ್ತದೆ ಎಂದು ನನಗೂ ಗೊತ್ತಿರಲಿಲ್ಲ. ಭೈರವಿ ಶುರುವಾದೊಡನೆ ಪಾರ್ಕಿಂಗಿನ ಗದ್ದಲ ತಪ್ಪಿಸಿಕೊಳ್ಳಲು ಏಳುವ ಜಾಣರು ಎಲ್ಲ ಕಡೆ ಇರುತ್ತಾರಲ್ಲ, ಹತ್ತು ಹದಿನೈದು ಮಂದಿ ಆಗಲೇ ಚಪ್ಪಲಿ ಹುಡುಕುತ್ತಿದ್ದರು. ಅವರೆಲ್ಲ ಇದ್ದಲ್ಲೇ ದಬಕ್ಕನೆ ಕೂತರು. ಅದರಲ್ಲಿ ಜಾಕೀಟು ತೊಟ್ಟವರೂ ಇಬ್ಬರು ಮೂವರು ಇದ್ದರು. ಸಣ್ಣ ಮಕ್ಕಳ ಹಿಂದೆಯೇ ಎದ್ದವರು ಅವರು! ಅದನ್ನು ನೋಡಿ ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ.

ಹಾಡು ನಿಂತಿತ್ತು. ಗಾಯಕಿ ಮೈಕಿನಿಂದ ಮುಖ ಸರಿಸಿ ನಗುತ್ತಿದ್ದರು. "ಮೀ ದೋನಚ್ ಸೂರ್ ಲಾವ್ಲೇ," ಎಂದರು. ನಾನು ಎರಡೇ ಸ್ವರ ಹಿಡಿದೆ. "ಕುಣೀ ಓಳಖ್ಲೀ?" ಗುರುತು ಹಿಡಿದವರು ಯಾರು?

ನನ್ನ ಗಂಡ ಇಬ್ಬರನ್ನೂ ಕೆಳಗಿಳಿಸಿದರು. ಮಗ ಅಪ್ಪನ ಕಾಲಿನ ಹಿಂದೆ ಅಡಗಿದ. ಅಕ್ಕ ಅವನ ತೋಳು ಹಿಡಿದು ಎಳೆದು, "ಹಾ ಮಾಝಾ ಭಾಊ!" ಇವನೇ ನನ್ನ ತಮ್ಮ, ಎಂದು ಎಲ್ಲರಿಗೂ ತೋರಿಸಿದಳು.

"ಬಾಳಾ, ಯಾವ ರಾಗ?" ಎಂದು ಆಕೆ ಮರಾಠಿಯಲ್ಲಿ ಕೇಳಿದರು.

"ಭೈರವಿ," ಎಂದ ಅವನು ನೆಲ ನೋಡುತ್ತ. ಆಮೇಲೆ ಧೈರ್ಯ ಬಂದು ಕನ್ನಡದಲ್ಲಿ, "ಮುಗೀತು. ಈಗ ಉಂಡಿ ಕೊಡಬೇಕು," ಎಂದ.

"ತೋ ಮ್ಹಣತೋ, ಸಂಪಲಂ, ಆತಾ ಲಾಡೂ ದ್ಯಾ," ಎಂದು ಅಕ್ಕ ಭಾಷಾಂತರ ಮಾಡಿದಳು. ತೋಟವೆಲ್ಲ ನಕ್ಕಿತು. ಚಪ್ಪಾಳೆ ಬಿತ್ತು. ತಬಲಾದವರು ಮಗನಿಗಾಗಿ ಒಂದು ತುಂಡು ನುಡಿಸಿ ಕೈ ಎತ್ತಿದರು. ನಾಲ್ಕು ವರ್ಷದ ಹುಡುಗ, ಎರಡು ಸ್ವರ! ನನ್ನ ಗುರುಗಳ ಹತ್ತಿರ ಕಲಿಯಲು ಕೂತ ಎರಡನೆಯ ವರ್ಷದಲ್ಲೂ ನನಗೆ ಅದು ಬರುತ್ತಿರಲಿಲ್ಲ.

ಗಾಯಕಿ ಕೈ ಮುಂದೆ ಚಾಚಿ ಅವನಿಗೇ ಹೇಳಿದರು, "ಆಧೀ ಮಾಝೀ ಭೈರವೀ, ಮಗ್ ತುಝಾ ಲಾಡೂ." ಮೊದಲು ನನ್ನ ಭೈರವಿ, ಆಮೇಲೆ ನಿನ್ನ ಲಾಡು. ಮಗ ಅಪ್ಪನ ಕಡೆ ನೋಡಿದ. ನಿಯಮ ನಿಯಮವೇ ಅಲ್ಲವೇ? ನನ್ನ ಗಂಡ ಗಂಭೀರವಾಗಿ, "ಮ್ಯಾಲಿನವರ ಆರ್ಡರ್ ಬಂತು. ಕೂಡು," ಎಂದರು. ಮಗ ಯೋಚಿಸಿ, ಚಾಪೆಯ ಮೂಲೆ ನೆಲಕ್ಕೆ ಹಾಸಿ, ಕೈಯಿಂದ ಎರಡು ಸಲ ಸವರಿ ಸಪಾಟು ಮಾಡಿ, ಅಜ್ಜಿಗೆ ಕೂರಲು ಜಾಗ ತೋರಿಸಿದ. ಅಜ್ಜಿ ಬಂದು ಕೂತು ಅವನನ್ನೇ ತೊಡೆಯ ಮೇಲೆ ಎಳೆದುಕೊಂಡರು, ಇನ್ನು ಎದ್ದಾನೆಂಬ ಭಯದಿಂದಲೂ ಇರಬಹುದು.

ಭೈರವಿ ಮತ್ತೆ ಶುರುವಾಯಿತು. ಈ ಸಲ ನಾನು ಕಣ್ಣು ಮುಚ್ಚಿದೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲ, ಮಕ್ಕಳು ನನ್ನ ನೆನಪಿನಲ್ಲಿ ಇರಲಿಲ್ಲ, ಅಸ್ಸಾಮು ಇರಲಿಲ್ಲ, ಏಳು ವರ್ಷಗಳೂ ಇರಲಿಲ್ಲ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆಲಾಪ ಮುಗಿದು ಆಕೆ ಎರಡು ಸಾಲಿನ ಸಣ್ಣ ಭಜನ್ ಎತ್ತಿಕೊಂಡರು. ಮೊದಲ ಸಾಲನ್ನು ಎರಡು ಸಲ ಹಾಡಿ, ಎಲ್ಲರೂ ಹೇಳಿ ಎಂದು ಸನ್ನೆ ಮಾಡಿದರು. ತೋಟ ಮೆಲ್ಲಗೆ ದನಿಗೂಡಿಸಿತು. ಅಜ್ಜಿ ನಡುಗುವ ದನಿಯಲ್ಲಿ ಹೇಳಿದರು. ನಾನೂ ಬಾಯಿ ತೆರೆದೆ.

ಅಡುಗೆಮನೆಯಲ್ಲಿ ಗುನುಗಿದ್ದು ಬಿಟ್ಟರೆ ಮಕ್ಕಳ ಎದುರು ನಾನು ಗಂಟಲು ಬಿಟ್ಟು ಹಾಡಿರಲಿಲ್ಲ. ಗೋಡೆಗೆ ಗೋಡೆ ಅಂಟಿದ ಕ್ವಾರ್ಟರ್ಸು, ಪಕ್ಕದಲ್ಲಿ ಪಾಳಿ ಮುಗಿಸಿ ಮಲಗಿದವರು, ಇನ್ನೂ ಏನೇನೋ ನೆಪ. ಮೊದಲ ಸಾಲಿಗೆ ದನಿ ಒಡೆಯಿತು. ಎರಡನೆಯ ಸಲ ತುಸು ನಿಂತಿತು. ಮೂರನೆಯ ಸಲ ಷಡ್ಜದಿಂದ ಹತ್ತಿ, ಕೋಮಲ ಗಾಂಧಾರದ ಮೇಲೆ ಒಂದು ಕ್ಷಣ ನಿಂತು, ಹೊರಳಿ ಇಳಿಯಿತು. ಗುರುಗಳು ಕೂರಿಸಿದ ಜಾಗದಲ್ಲೇ ಎಲ್ಲ ಇತ್ತು. ಒಂದು ಸ್ವರವೂ ನನ್ನನ್ನು ಬಿಟ್ಟು ಹೋಗಿರಲಿಲ್ಲ. ಮುಂದಿನ ಸಾಲಿನವರು ತಿರುಗಿ ನೋಡಿದರು. ವೇದಿಕೆಯ ಮೇಲಿನಿಂದ ಆಕೆ ನಮ್ಮ ಕಡೆ ನೋಡಿ, ಇನ್ನೂ ಇನ್ನೂ ಎಂದು ಕೈ ಆಡಿಸಿದರು.

ಯಾರೋ ಸೆರಗು ಜಗ್ಗಿದರು. ಬಗ್ಗಿ ನೋಡಿದೆ. ಮಗಳು ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದಳು, ಪೆನ್ಸಿಲು ಕೈಯಲ್ಲೇ ಇತ್ತು. ಅವಳ ಹಿಂದೆ ಅಪ್ಪ, ಅಜ್ಜಿಯ ತೊಡೆಯ ಮೇಲೆ ತಮ್ಮ, ನಾಲ್ವರಲ್ಲಿ ಒಬ್ಬರೂ ಎದ್ದುಹೋಗಿರಲಿಲ್ಲ.

"ಅವ್ವಾ," ಎಂದಳು, "ನಿನಗ ಹಾಡಾಕ ಬರ್ತೈತೇನು?"

"ಬರ್ತೈತೇನು ಅಂದ್ರ?" ಎಂದೆ. ಸಿಟ್ಟೇ ಬಂತು ನನಗೆ, ಅವಳ ಮೇಲಲ್ಲ, ನನ್ನ ಮೇಲೇ. "ಕೇಳಿಲ್ಲಿ," ಎಂದು ಅವಳನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡು, ಮುಂದಿನ ಸಾಲನ್ನು ತುಂಬು ಗಂಟಲಿನಲ್ಲಿ ಎತ್ತಿದೆ.